ಒಪ್ಪಿಗೆ ಕೇಳಿ ಕನ್ನ ಹಾಕುವ ಟೀಚರಮ್ಮ

ರೆಹಮತುನ್ನೀಸಾ ಟೀಚರು ಪಕ್ಕದ ಮನೆಯ ಕರಿಬೇವಿನ ಗಿಡದಿಂದ ಕೇಳದೆ ಒಂದೆಲೆ ಕಿತ್ತವರಲ್ಲ. ಅಂಥವರು ಮಕ್ಕಳಿಗೆ ಕಳ್ಳತನ ಕಲಿಸುತ್ತಿದ್ದಾರೆ ಎಂದು ಒಂದಿಡೀ ಊರು ಮಾತಾಡಿಕೊಂಡಿತಲ್ಲ, ಅದನ್ನು ನೆನೆದರೆ ನನಗೆ ಈಗ ನಗು ಬರುತ್ತದೆ. ಆಗ ಮಾತ್ರ ಮೈ ಉರಿದುಹೋಗಿತ್ತು.

ನಾನು ಅದೇ ಶಾಲೆಯಲ್ಲಿ ಕನ್ನಡ ಹೇಳಿಕೊಡುವವನು. ಕೆ.ಆರ್. ಪೇಟೆಯಿಂದ ಹೇಮಗಿರಿ ಕಡೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ದಿನಾ ಒಟ್ಟಿಗೆ ಬಂದು, ಗುಡ್ಡದ ಮರೆಯಲ್ಲಿರುವ ಒಂದು ಕೊಪ್ಪಲಿನಲ್ಲಿ ಇಳಿಯುತ್ತೇವೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಆಯಮ್ಮ ಪಕ್ಕದಲ್ಲಿ ಕೂತವರನ್ನು "ಇಲ್ಲಿ ಕೂತ್ಕೋಬಹುದಾ?" ಎಂದು ಕೇಳದೆ ಕೂರುವುದಿಲ್ಲ. ಪಕ್ಕದವರು ನಿದ್ದೆ ಮಾಡುತ್ತಿದ್ದರೆ ನಿಂತೇ ಬರುತ್ತಾರೆ. ಇದನ್ನು ನಾನು ಹೇಳಿದರೆ ಉತ್ಪ್ರೇಕ್ಷೆ ಎನ್ನುತ್ತೀರಿ. ಅವರ ಯಜಮಾನರು ವಜೀರ್ ಪಾಷಾ ಹೇಳಿದ್ದನ್ನೇ ಕೇಳಿ. ಅವರಿಗೆ ಕೆ.ಆರ್. ಪೇಟೆಯಲ್ಲಿ ಲಾರಿ ಸೀಟು ಹೊಲಿಯುವ ಅಂಗಡಿ ಇದೆ.

"ಏನ್ ಹೇಳ್ಲಿ ಸಾರ್, ನನ್ನ ಜೇಬಿಂದ ಬಸ್ಸಿಗೆ ಚಿಲ್ಲರೆ ತಗೊಳ್ಳೋಕೂ ಅಂಗಡಿ ತನಕ ಬಂದು ಕೇಳ್ತಾಳೆ. ಶರ್ಟ್ ಮನೇಲೇ ನೇತಾಡ್ತಾ ಇರುತ್ತೆ!"

ಈ ಗುಣ ಹುಟ್ಟಿನಿಂದಲೇ ಬಂದದ್ದೋ, ಕೆಲಸದಿಂದ ಬಂದದ್ದೋ ನನಗೆ ಗೊತ್ತಿಲ್ಲ. ಕೆಲಸದಿಂದ ಬಂದದ್ದು ಎನ್ನಲು ಕಾರಣವಿದೆ. ಟೀಚರು ಶ್ರೀರಂಗಪಟ್ಟಣದ ಗಂಜಾಂನವರು, ಜಟಕಾ ಹೊಡೆಯುವವರ ಮಗಳು. ಡಿಗ್ರಿ ಮುಗಿಸಿ ತಾಲ್ಲೂಕು ಕಚೇರಿಯ ಹತ್ತಿರ ಒಂದು ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವ ಕೆಲಸಕ್ಕೆ ಸೇರಿದ್ದರು. ಅಲ್ಲಿಗೆ ಬಂದವರೆಲ್ಲ ಈಮೇಲ್ ಮಾಡಿಸಿಕೊಂಡು, ಪಾಸ್‌ವರ್ಡನ್ನು ಬೀದಿಗೆ ಕೇಳುವಂತೆ ಕೂಗಿ ಹೇಳಿ, "ಇದ ನಾನೆಲ್ಲಿ ನೆಪ್ಪಲ್ಲಿ ಮಡಿಕ್ಕಳ್ಳಿ? ನೀನೇ ಮಡಿಕ್ಕಳವ್ವ" ಎಂದು ಎದ್ದು ಹೋಗುತ್ತಿದ್ದರಂತೆ. ಕೆಲವೇ ವರ್ಷಗಳಲ್ಲಿ ಬೆಳಗೊಳದಿಂದ ಪಾಂಡವಪುರದವರೆಗಿನ ಜನರ ಗುಟ್ಟೆಲ್ಲ ಆಯಮ್ಮನ ತಲೆಯೊಳಗೆ ಸೇರಿಕೊಂಡಿತು. ಇವರ ನಿಕಾಹ್ ದಿನ ಬೆಳಗೊಳದ ಯಜಮಾನರೊಬ್ಬರು ಉಡುಗೊರೆ ಕೊಟ್ಟು, ಮದುಮಗಳ ಕಿವಿಯ ಹತ್ತಿರ ಬಗ್ಗಿ, "ತಾಯಿ, ನನ್ನ ಈಮೇಲ್‌ದು ಏನಾಗಿತ್ತು?" ಎಂದು ಕೇಳಿದರಂತೆ. ಇವರು ಸೆರಗಿನೊಳಗಿಂದಲೇ, "ನಿಮ್ಮ ಎಮ್ಮೆ ಹೆಸರು, ಆಮೇಲೆ ಒಂದು ಎರಡು ಮೂರು" ಎಂದು ಪಿಸುಗುಟ್ಟಿದರಂತೆ.

"ಬೇರೆಯವರ ಮನೆ ಬೀಗದ ಕೈ ಎಲ್ಲಾ ನನ್ನ ಸೊಂಟದಲ್ಲಿದ್ರೆ ನಾನು ಹೇಗೆ ಸಾರ್ ನಿದ್ದೆ ಮಾಡ್ಲಿ?" ಎಂದು ಒಮ್ಮೆ ನನ್ನನ್ನು ಕೇಳಿದ್ದರು. ನಮ್ಮ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದದ್ದು ಗಣಿತ ಹೇಳಲು. ಆದರೆ ಜೀವ ಇಟ್ಟುಕೊಂಡಿದ್ದು ಶನಿವಾರದ ತರಗತಿಯ ಮೇಲೆ. ಯಾರೂ ಹೇಳದೆ, ಯಾರಿಂದಲೂ ಏನೂ ಪಡೆಯದೆ, ಒಂಬತ್ತನೇ ತರಗತಿಯವರನ್ನು ಕೂರಿಸಿಕೊಂಡು ಸೈಬರ್ ಸುರಕ್ಷತೆ ಮತ್ತು ಎಥಿಕಲ್ ಹ್ಯಾಕಿಂಗ್ ಹೇಳಿಕೊಡುತ್ತಿದ್ದರು.

"ಹ್ಯಾಕಿಂಗ್ ಅಂದ್ರೆ ಬೀಗ ತೆಗೆಯೋ ವಿದ್ಯೆ ಮಕ್ಕಳೇ. ಮನೆಯವರೇ ಕರೆದು, ನಮ್ಮ ಬೀಗ ಗಟ್ಟಿ ಇದೆಯಾ ನೋಡಿ ಅಂದ್ರೆ, ಅಲ್ಲಾಡಿಸಿ ನೋಡಿ ಅವರಿಗೆ ಮಾತ್ರ ಹೇಳ್ಬೇಕು. ಕರೀದೇ ಅಲ್ಲಾಡಿಸಿದ್ರೆ ಅದು ಕಳ್ಳತನ. ಬೀಗ ಒಂದೇ, ಕೈನೂ ಒಂದೇ. ಮೊದಲು ಕೇಳಿದ್ದೀರಾ ಇಲ್ವಾ, ಅಷ್ಟೇ ವ್ಯತ್ಯಾಸ."

ಪಾಠ ಚೆನ್ನಾಗಿಯೇ ಇತ್ತು. ಪಾಠ ನಡೆಯುತ್ತಿದ್ದ ಊರು ಮಾತ್ರ ಬೇರೆ ನಮೂನೆಯದು.

ಆ ಕೊಪ್ಪಲಿನ ಮನೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಗುಡ್ಡ ಅಡ್ಡ. ಸಿಗುವುದು ದಿಬ್ಬದ ಮೇಲಿನ ಶಾಲೆಯಲ್ಲಿ, ಇಲ್ಲವೇ ಅದರ ಕೆಳಗಿನ ಅರಳಿಕಟ್ಟೆಯಲ್ಲಿ. ಅದಕ್ಕೆ ಊರಿನವರು ಅರಳಿಮರದ ಕೊಂಬೆಗೆ ಒಂದು ಬಿದಿರು ಮಂಕರಿ ನೇತು ಹಾಕಿದ್ದಾರೆ. ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಎಲ್ಲರೂ ತಮ್ಮ ಫೋನನ್ನು ಅದರೊಳಗೆ ಹಾಕಿ ಹೋಗುತ್ತಾರೆ. ಕಟ್ಟೆಯ ಪಕ್ಕದಲ್ಲಿ ಬೋಂಡ ಕರಿಯುವ ಬೆಟ್ಟಮ್ಮ ಅವಕ್ಕೆಲ್ಲ ಒಡತಿ. ಫೋನ್ ಬಂದರೆ ಅವಳೇ ಎತ್ತಿ, ಸ್ಪೀಕರಿಗೆ ಹಾಕಿ, ಸುದ್ದಿ ತಿಳಿದುಕೊಂಡು, ಆಮೇಲೆ ಊರ ಮೇಲೆ ಕೂಗು ಹಾಕುತ್ತಾಳೆ. ಅಕ್ಷರ ಬಾರದು, ಅಂಕಿ ಬರುತ್ತದೆ. ಓಟಿಪಿ ಬಂದರೆ ಅದನ್ನೂ ಕೂಗಿ ಹೇಳುತ್ತಾಳೆ.

"ಪಾರ್ವತಮ್ಮೋ! ನಿನ್ ಗ್ಯಾಸಿನ ನಂಬ್ರ ಬಂದದೆ! ನಾಕು, ಏಳು, ಸೊನ್ನೆ, ಮೂರು! ಕೇಳ್ತಾ?"

"ಕಡೇದು ಕೇಳ್ನಿಲ್ಲ ಕಣಕ್ಕೋ!" ಎಂದು ಕಬ್ಬಿನ ಗದ್ದೆಯಿಂದ ಉತ್ತರ ಬರುತ್ತಿತ್ತು. ಮೊದಲ ಸಲ ಇದನ್ನು ಕೇಳಿದ ದಿನ ಟೀಚರು ಬಸ್ಸಿನಿಂದ ಇಳಿದವರು ಅಲ್ಲೇ ನಿಂತು, ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು "ಯಾ ಅಲ್ಲಾ" ಎಂದಿದ್ದರು.

ಗಲಾಟೆ ಶುರುವಾದದ್ದು ಧನುಶ್ರೀಯಿಂದ. ಅವಳು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ತಮ್ಮಯ್ಯನವರ ಮೊಮ್ಮಗಳು, ಟೀಚರ ಅಚ್ಚುಮೆಚ್ಚಿನ ಶಿಷ್ಯೆ. ಒಂದು ಭಾನುವಾರ ಊಟಕ್ಕೆ ಕೂತಾಗ, "ತಾತ, ನಿನ್ನ ಫೋನಿನ ಬೀಗ ತೆಗೀಲಾ? ನೀನು ಒಪ್ಪಿದ್ರೆ ಮಾತ್ರ" ಎಂದಳಂತೆ. ತಾತ ಮೀಸೆ ತಿರುವಿ, "ತೆಗಿ ನೋಡಾನ" ಎಂದರಂತೆ. ಹುಡುಗಿ ಕಿಟಕಿಯಾಚೆ ನಿಂತಿದ್ದ ತಾತನ ಟ್ರಾಕ್ಟರನ್ನು ಒಂದು ಸಲ ನೋಡಿದಳು, ಅದರ ನಂಬರನ್ನು ಒತ್ತಿದಳು. ಫೋನು ತೆರೆದುಕೊಂಡಿತು. ಆ ಊರಲ್ಲಿ ಟ್ರಾಕ್ಟರ್ ಇದ್ದವರದು ಟ್ರಾಕ್ಟರ್ ನಂಬರು, ಬೈಕ್ ಇದ್ದವರದು ಬೈಕ್ ನಂಬರು. ಬೀಗದ ಕೈಯನ್ನು ಬೀದಿಯಲ್ಲಿ ನಿಲ್ಲಿಸಿ, ಮೇಲೆ ಹೂವಿನ ಹಾರ ಬೇರೆ ಹಾಕಿರುತ್ತಾರೆ.

ಮಾರನೆಯ ದಿನ ತಮ್ಮಯ್ಯ ಶಾಲೆಗೆ ಬಂದರು. ಕೇಳಿ ಒಳಗೆ ಬರುವ ಪದ್ಧತಿ ಅವರಿಗಿಲ್ಲ. ನೇರ ನುಗ್ಗಿ ಹೆಡ್‌ಮಾಸ್ಟರ ಕುರ್ಚಿಯಲ್ಲೇ ಕೂತರು. ನಮ್ಮ ಹೆಡ್‌ಮಾಸ್ಟರ್ ರವೀಂದ್ರ ಅವರು ಗಾಳಿ ಬಂದ ಕಡೆ ತೂರಿಕೊಳ್ಳುವವರು, ಪಕ್ಕದಲ್ಲಿ ನಿಂತುಕೊಂಡರು.

"ಏನ್ ಎಡ್ಮೇಷ್ಟ್ರೇ, ಐಕ್ಳಿಗೆ ಬೀಗ ಒಡ್ಯದ ಕಲಿಸ್ತಾ ಇದ್ದೀರಂತೆ? ನಾಳೀಕೆ ದನ ಒಡ್ಕಂಡ್ ಓಗದ ಕಲಿಸ್ತೀರಾ? ನಿಲ್ಸಿ ಈ ಕ್ಲಾಸ!"

ರವೀಂದ್ರ ಅವರು ಆಗಲೇ ತಲೆಯಾಡಿಸಿಬಿಟ್ಟಿದ್ದರು. ಟೀಚರು ಬಾಗಿಲಲ್ಲಿ ನಿಂತು, "ಒಳಗೆ ಬರಬಹುದಾ?" ಎಂದು ಕೇಳಿ ಬಂದರು. "ಅಧ್ಯಕ್ಷರೇ, ಒಂದೇ ಒಂದು ಅವಕಾಶ ಕೊಡಿ. ಕಳ್ಳರು ಹೇಗೆ ಫೋನ್ ಮಾಡ್ತಾರೋ ಹಾಗೆ ನಮ್ಮ ಮಕ್ಕಳು ಊರಿಗೆ ಫೋನ್ ಮಾಡ್ತಾರೆ. ಊರಿನವರು ಅದರಿಂದ ಎಚ್ಚರ ಆದ್ರೆ ಕ್ಲಾಸ್ ಇರಲಿ. ಆಗದಿದ್ರೆ ನಾನೇ ನಿಲ್ಲಿಸ್ತೀನಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ?" ಎಂದರು. ಶ್ರೀರಂಗಪಟ್ಟಣದವರ ಬಾಯಲ್ಲಿ ಆ ಗಾದೆಗೆ ತೂಕ ಜಾಸ್ತಿ. ತಮ್ಮಯ್ಯ ಒಪ್ಪಿದರು.

ಇಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಆದರೆ ಟೀಚರು ಯಾರು? ಒಪ್ಪಿಗೆ ಇಲ್ಲದೆ ಮೋಸ ಮಾಡುವುದುಂಟೇ? ಪರೀಕ್ಷೆಗೆ ಒಂದು ವಾರ ಮುಂಚೆ ಮಕ್ಕಳನ್ನು ಜೊತೆ ಜೊತೆಯಾಗಿ ಮನೆಮನೆಗೆ ಕಳಿಸಿದರು. ಹೊಸಿಲಾಚೆ ನಿಲ್ಲಬೇಕು, ತಾನು ಯಾರ ಮಗ, ಯಾರ ಮಗಳು ಎಂದು ಹೇಳಬೇಕು, ಆಮೇಲೆ ಕೇಳಬೇಕು: "ಬರೋ ಶನಿವಾರ ನಾವು ನಿಮಗೆ ಮೋಸದ ಫೋನ್ ಮಾಡ್ತೀವಿ. ಮಾಡಬಹುದಾ?"

ಕಳ್ಳ ಬರುವ ಮುಂಚೆ ಲಗ್ನಪತ್ರಿಕೆ ಹಂಚಿದ ಹಾಗಾಯಿತು. ನಾನು ಅದನ್ನು ಅವರ ಮುಖಕ್ಕೇ ಹೇಳಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಊರಿನವರೂ ಲಗ್ನಪತ್ರಿಕೆ ಬಂದ ಹಾಗೆಯೇ ಮಾಡಿದರು. "ಎಷ್ಟೊತ್ಗೆ ಮಾಡ್ತೀರ ಮಗ? ಅವತ್ತು ಒಲಕ್ಕೋಗಕಿಲ್ಲ ಬುಡು" ಎಂದರು. ಮಕ್ಕಳಿಗೆ ಕೋಡುಬಳೆ ಕೊಟ್ಟು ಕಳಿಸಿದರು.

ಆ ಶನಿವಾರ ಬೆಳಿಗ್ಗೆ ಕಟ್ಟೆಯ ಮೇಲೆ ಊರೆಲ್ಲ ಸೇರಿತ್ತು. ಹೆಂಗಸರು ಒಳ್ಳೆ ಸೀರೆ ಉಟ್ಟು ಬಂದಿದ್ದರು. ದಿಬ್ಬದ ಮೇಲೆ ಶಾಲೆಯ ಜಗುಲಿಯಲ್ಲಿ ಮಕ್ಕಳು, ಟೀಚರು, ನಾನು. ಲೆಕ್ಕ ಇಷ್ಟೇ: ಟೀಚರು ತಮ್ಮ ಫೋನಿನಿಂದ ಒಬ್ಬೊಬ್ಬರಿಗೂ ಒಂದು ಸುಳ್ಳು ನಂಬರು ಕಳಿಸುವುದು, ಮಕ್ಕಳು ಬ್ಯಾಂಕಿನವರ ಹಾಗೆ ಮಾತಾಡಿ ಅದನ್ನು ಕೇಳುವುದು. ಹೇಳದವರು ಗೆದ್ದ ಹಾಗೆ.

ಮೊದಲು ಫೋನ್ ಮಾಡಿದವನು ಮುಬಶ್ಶಿರ್, ಪಕ್ಕದೂರಿನ ಎಲೆಕ್ಟ್ರಿಷಿಯನ್ ಮಗ. ದನಿ ದಪ್ಪ ಮಾಡಿಕೊಂಡು, "ಹಲೋ, ನಾನು ಬ್ಯಾಂಕ್ ಮ್ಯಾನೇಜರ್. ನಿಮ್ಮ ಖಾತೆ ಬಂದ್ ಆಗುತ್ತೆ. ಈಗ ಬಂದಿರೋ ನಂಬರ್ ಹೇಳಿ" ಎಂದ.

"ಮುಬಶ್ಶಿರಾ? ಸಂದಾಗ್ ಮಾತಾಡ್ತೀಯ ಕಣ್ ಮಗ" ಎಂದರು ಪಾರ್ವತಮ್ಮ. "ಬರ್ಕೊ. ಆರು, ಎಲ್ಡು..."

"ಅಜ್ಜೀ, ಹೇಳ್ಬೇಡಿ ಅಜ್ಜಿ!"

"ಯಾಕ್ ಮಗ, ಪೆನ್ನಿಲ್ವಾ? ತಕ್ಕೊ ಓಗು, ನಾನ್ ಕಾಯ್ತೀನಿ."

ಆಮೇಲೆ ತಿಳಿಯಿತು. ಪರೀಕ್ಷೆ ಎಂದ ಕೂಡಲೇ ಊರಿನವರು ಅದು ಮಕ್ಕಳ ಪರೀಕ್ಷೆ ಎಂದುಕೊಂಡಿದ್ದರು. ನಂಬರು ಸಿಕ್ಕಿದ ಮಗುವಿಗೆ ಮಾರ್ಕ್ಸು, ಸಿಗದ ಮಗು ಫೇಲು. ಮನೆ ಬಾಗಿಲಿಗೆ ಬಂದು, ಕೈ ಕಟ್ಟಿ ನಿಂತು, ಕೇಳಿಕೊಂಡು ಹೋದ ಮಕ್ಕಳನ್ನು ಯಾವ ಪಾಪಿ ಫೇಲು ಮಾಡುತ್ತಾನೆ? ಒಬ್ಬರಾದ ಮೇಲೆ ಒಬ್ಬರು ನಂಬರು ಹೇಳಿದರು. ಕುಳ್ಳಯ್ಯ ಎಂಬ ಮುದುಕ ತನ್ನ ನಂಬರು ಹೇಳಿ, "ಎಟಿಎಂದೂ ಅದೆ, ಅದ್ನೂ ಬರ್ಕೊ, ಜಾಸ್ತಿ ಮಾರ್ಕ್ಸ್ ಬೀಳ್ಲಿ" ಎಂದು ಶುರು ಮಾಡಿದ. ಟೀಚರು ಓಡಿ ಬಂದು, ಜೀವಮಾನದಲ್ಲಿ ಮೊದಲ ಬಾರಿಗೆ ಕೇಳದೆಯೇ ಒಂದು ಮಗುವಿನ ಕೈಯಿಂದ ಫೋನು ಕಿತ್ತುಕೊಂಡು ಕಟ್ ಮಾಡಿದರು. ಕುಳ್ಳಯ್ಯ ತಿರುಗಿ ಫೋನ್ ಮಾಡಿ, "ಲೈನ್ ಕಟ್ಟಾಗೋಯ್ತು ಕಣವ್ವ, ಇನ್ನೆಲ್ಡು ನಂಬ್ರ ಉಳ್ಕಂಡವೆ" ಎಂದ.

ಉಳಿದವರು ತಮ್ಮಯ್ಯ ಒಬ್ಬರೇ. "ನಾ ಯೋಳಕಿಲ್ಲ" ಎಂದು ಕೈ ಕಟ್ಟಿ ಕೂತಿದ್ದರು. ನನಗೆ ಅವರ ಮೇಲೆ ಆವತ್ತು ಮೊದಲ ಸಲ ಗೌರವ ಬಂತು. ಆದರೆ ಫೋನ್ ಮಾಡಿದವಳು ಧನುಶ್ರೀ. ಕಟ್ಟೆಯ ಮೇಲಿದ್ದ ಮುದುಕರು, "ಏನ್ಲಾ ತಮ್ಮಯ್ಯ, ಎಲ್ಲರ ಐಕ್ಳೂ ಪಾಸು, ನಿನ್ ಮೊಮ್ಮಗಳೊಬ್ಬಳೇ ಫೇಲಾ?" ಎಂದರು. ತಮ್ಮಯ್ಯನ ಮೀಸೆ ಅಲ್ಲಾಡಿತು. ನಂಬರು ಹೊರಗೆ ಬಂತು. ಕಟ್ಟೆಯ ಮೇಲೆ ಚಪ್ಪಾಳೆ ಬಿತ್ತು. ಜಗುಲಿಯ ಮೇಲೆ ಟೀಚರು ಗೋಡೆಗೆ ಒರಗಿ ಕೂತುಬಿಟ್ಟರು.

ಚಪ್ಪಾಳೆ ಮುಗಿದ ಮೇಲೆ ತಮ್ಮಯ್ಯನಿಗೆ ತಾನು ಸೋತದ್ದು ಅರ್ಥವಾಯಿತು. ಸೋತ ಗೌಡನ ಸಿಟ್ಟು ಕೇಳಬೇಕೇ? "ಊರಿನ ಗುಟ್ಟೆಲ್ಲ ಐಕ್ಳ ಕೈಗೋಯ್ತು. ಬೇಲಿನೇ ಎದ್ದು ಒಲ ಮೇಯ್ದಂಗಾಯ್ತು. ಬರೋ ಸೋಮ್ವಾರ ಬುಟ್ಟು ಆಚೆ ಸೋಮ್ವಾರದ ಮೀಟಿಂಗಲ್ಲಿ ಈ ಕ್ಲಾಸಿಗೆ ಬೀಗ!" ಎಂದು ಕೂಗಿ ಹೋದರು. ರವೀಂದ್ರ ಅವರು ಮತ್ತೆ ತಲೆಯಾಡಿಸಿದರು.

ಆವತ್ತು ಬಸ್ಸಿನಲ್ಲಿ ಟೀಚರು ಕಿಟಕಿ ಪಕ್ಕ ಕೂತಿದ್ದರು. ಪಾಂಡವಪುರದ ಕಡೆಯಿಂದ ಬಂದ ಕಬ್ಬಿನ ಲಾರಿಯೊಂದು ದಾರಿಗೆ ಅಡ್ಡ ನಿಂತಿತ್ತು. ಅದನ್ನೇ ನೋಡುತ್ತಾ ಕಣ್ಣೊರೆಸಿಕೊಂಡರು. "ಅನುಮಾನ ಪಡೋದನ್ನ ಕಲಿಸೋಕೆ ಹೋದೆ ಸಾರ್. ಪ್ರೀತಿ ಮಾಡಿ ನನ್ನನ್ನೇ ಸೋಲಿಸಿಬಿಟ್ರು. ಇವರಿಗೆ ನಿಜವಾದ ಕಳ್ಳ ಫೋನ್ ಮಾಡಿದ್ರೆ ಗತಿಯೇನು?"

ನನಗೆ ಬೇಜಾರಾಗಿತ್ತು. ಬೇಜಾರಾದಾಗ ನಾನು ಬುದ್ಧಿ ಹೇಳುತ್ತೇನೆ, ಅದು ನನ್ನ ಜಾಯಮಾನ. "ನೀವು ಕೇಳಿದ್ದೇ ತಪ್ಪು. ಹೇಳದೆ ಕೇಳದೆ ಮಾಡಿದ್ದರೆ ಬುದ್ಧಿ ಬರ್ತಿತ್ತು" ಎಂದೆ.

ಆಯಮ್ಮ ನನ್ನತ್ತ ತಿರುಗಿ ನೋಡಿದ ನೋಟ ಈಗಲೂ ನೆನಪಿದೆ. "ಕೇಳದೆ ಮಾಡಿದ್ರೆ ನನಗೂ ಕಳ್ಳನಿಗೂ ಏನ್ ಸಾರ್ ವ್ಯತ್ಯಾಸ?" ಎಂದರು.

ಮುಂದಿನ ಗುರುವಾರ ಮಧ್ಯಾಹ್ನದ ಬಿಡುವಿನಲ್ಲಿ ನಾನು ಕಟ್ಟೆಯಲ್ಲಿ ಕೂತು ಬೆಟ್ಟಮ್ಮನ ಬೋಂಡ ತಿನ್ನುತ್ತಿದ್ದೆ. ಮಂಕರಿಯಲ್ಲಿ ತಮ್ಮಯ್ಯನ ಫೋನು ಬಡಿದುಕೊಂಡಿತು. ಬೆಟ್ಟಮ್ಮ ಸೀರೆಗೆ ಕೈ ಒರೆಸಿಕೊಂಡು ಎತ್ತಿ ಸ್ಪೀಕರಿಗೆ ಹಾಕಿದಳು.

"ನಮಸ್ಕಾರ, ತಮ್ಮಯ್ಯನವರಾ? ನಾವು ಬ್ಯಾಂಕಿನ ಮುಖ್ಯ ಕಚೇರಿಯಿಂದ ಮಾತನಾಡ್ತಾ ಇದ್ದೇವೆ. ನಿಮ್ಮ ಖಾತೆ ಇವತ್ತು ಬಂದ್ ಆಗುತ್ತೆ."

"ಓ! ಬಂತು ಕಣ್ರಪ್ಪೋ ಐಕ್ಳ ಪರೀಕ್ಸೆ!" ಎಂದು ಬೆಟ್ಟಮ್ಮ ಕೂಗಿದಳು. "ಯಾರ್ ಮಗ ನೀನು? ಗಂಟ್ಲು ಯಾಕೋ ಕಟ್ಟದೆ? ಶೀತ್ವಾ?"

"ಮೇಡಂ, ನಾನು ಮ್ಯಾನೇಜರ್."

"ಊಂ, ಓದ್ಸಲಾನೂ ಅದೇ ಅಂದ್ರಿ. ಉಂಡ್ಯಾ?"

ನಾನು ದಿಬ್ಬದ ಕಡೆ ನೋಡಿದೆ. ಒಂಬತ್ತನೇ ತರಗತಿಯವರೆಲ್ಲ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದರು. ಧನುಶ್ರೀ ಎದ್ದು ಕಾಣುತ್ತಿದ್ದಳು, ಮುಬಶ್ಶಿರನೂ ಅಲ್ಲೇ ಇದ್ದ. ಇದು ಮಕ್ಕಳದಲ್ಲ, ನಿಜವಾದ ಕಳ್ಳ. ಕೂಗೋಣವೆಂದರೆ ಬಾಯಿ ತುಂಬ ಆಗ ತಾನೇ ಎಣ್ಣೆಯಿಂದ ತೆಗೆದ ಬೋಂಡ. ಉಗುಳಲೂ ಆಗದೆ ನುಂಗಲೂ ಆಗದೆ, ಕಣ್ಣಲ್ಲಿ ನೀರು ಸುರಿಸುತ್ತಾ ಕೈ ಬೀಸಿದೆ. ಬೆಟ್ಟಮ್ಮ, "ನೀರ್ ಅಲ್ಲೇ ಅದೆ, ಕುಡೀರಿ ಮೇಷ್ಟ್ರೇ" ಎಂದು ಚೊಂಬು ತೋರಿಸಿದಳು.

ಅಷ್ಟರಲ್ಲಿ ತಮ್ಮಯ್ಯ ಟ್ರಾಕ್ಟರಿನಲ್ಲಿ ಬಂದರು. ಅವರ ಕಬ್ಬಿನ ಬಿಲ್ಲು ಹಿಂದಿನ ದಿನವಷ್ಟೇ ಖಾತೆಗೆ ಬಂದಿತ್ತು, ಅದು ಊರಿಗೆಲ್ಲ ಗೊತ್ತು. ಫೋನು ಟಣ್ ಎಂದಿತು, ಓಟಿಪಿ ಬಂತು. ಟ್ರಾಕ್ಟರಿನ ಮೇಲಿಂದಲೇ ತಮ್ಮಯ್ಯ, "ಯೋಳ್ಬುಡು ಬೆಟ್ಟಮ್ಮ, ಪಾಪ ಯಾವ್ದೋ ಮಗ. ಎಂಗಿದ್ರೂ ಸೋಮ್ವಾರ ನಿಲ್ಸೋ ಕ್ಲಾಸು" ಎಂದರು.

ಬೆಟ್ಟಮ್ಮ ಎದೆ ತುಂಬ ಉಸಿರು ಎಳೆದುಕೊಂಡಳು. ಬಾಯಿ ತೆರೆದಳು. ಹಾಗೇ ನಿಂತಳು.

"ತಡೀರಪ್ಪ. ಈ ಸಲ ಒಪ್ಗೆ ಕೇಳಕೆ ಯಾರೂ ಬಂದಿಲ್ವಲ್ಲ? ತಮ್ಮಣ್ಣ, ನಿಮ್ಮಟ್ಟಿಗ್ ಬಂದಿದ್ರಾ?"

"ಇಲ್ವಲ್ಲ."

"ಕುಳ್ಳಣ್ಣ, ನಿಮ್ಮಟ್ಟಿಗೆ?"

ಕಟ್ಟೆಯ ಮೇಲೆ ಮಲಗಿದ್ದ ಕುಳ್ಳಯ್ಯ ಎದ್ದು ಕೂತು, ಇಲ್ಲವೆಂದು ತಲೆಯಾಡಿಸಿದ.

ಬೆಟ್ಟಮ್ಮ ಫೋನನ್ನು ಬಾಯಿಯ ಹತ್ತಿರ ತಂದಳು. "ಲೇ ಮಗ, ಯಾವತ್ತು ಬಂದು ಕೇಳ್ದೆ ನೀನು? ಯಾರ್ ಮಗ ಅಂದೆ?"

"ರೀ, ಟೈಮ್ ವೇಸ್ಟ್ ಮಾಡ್ಬೇಡಿ, ಬೇಗ ನಂಬರ್ ಹೇಳ್ರಿ!"

ಆ ಗದರಿಕೆಯೇ ಸಾಕಾಯಿತು. ಬೆಟ್ಟಮ್ಮನ ಮುಖ ಕೆಂಪಾಯಿತು. ಆಮೇಲೆ ಬಂದ ದನಿಗೆ ಕಬ್ಬಿನ ಗದ್ದೆಯಲ್ಲಿದ್ದವರು ಕುಡುಗೋಲು ಬಿಟ್ಟು ಎದ್ದು ನಿಂತರಂತೆ.

"ಯಾವನ್ಲಾ ನೀನು! ನಮ್ ಐಕ್ಳು ಮೋಸ ಮಾಡಕ್ಕೂ ಅಟ್ಟಿ ಬಾಗ್ಲಿಗ್ ಬಂದು, ಅಪ್ಪನ ಎಸ್ರು ಯೋಳಿ, ಒಪ್ಗೆ ಕೇಳ್ತವೆ! ನೀನ್ಯಾವನ್ಲಾ, ಯೋಳ್ದೆ ಕೇಳ್ದೆ ಕಳ್ತನ ಮಾಡೋನು? ಮಡಗ್ಲಾ ಫೋನ!"

ಆ ಕಡೆಯವನು ಮಡಗಿದ. ಮಡಗದೆ ಏನು ಮಾಡುತ್ತಾನೆ, ಕಿವಿ ಉಳಿದಿದ್ದರೆ ಅವನ ಪುಣ್ಯ. ನನ್ನ ಬೋಂಡವೂ ಆಗ ಕೆಳಗಿಳಿಯಿತು. "ಅವನು ಕಳ್ಳ, ನಿಜವಾದ ಕಳ್ಳ, ಮಕ್ಕಳೆಲ್ಲ ಅಲ್ಲಿದ್ದಾರೆ ನೋಡಿ!" ಎಂದು ಯಾರಿಗೂ ಬೇಕಿಲ್ಲದ ಹೊತ್ತಿನಲ್ಲಿ ಕಿರುಚಿದೆ. ತಮ್ಮಯ್ಯ ಮೈದಾನದ ಕಡೆ ನೋಡಿದರು, ಫೋನಿನ ಕಡೆ ನೋಡಿದರು. ಟ್ರಾಕ್ಟರಿನಿಂದ ಇಳಿದು ಕಟ್ಟೆಯ ಮೇಲೆ ಮೆಲ್ಲಗೆ ಕೂತರು. ಬೆಟ್ಟಮ್ಮ ಕೊಟ್ಟ ಒಂದು ಚೊಂಬು ನೀರನ್ನು ಪೂರ್ತಿ ಕುಡಿದರು.

ಟೀಚರು ದಿಬ್ಬ ಇಳಿದು ಓಡಿ ಬಂದರು. "ನಂಬರ್ ಹೇಳಿಲ್ಲ ತಾನೆ?" ಎಂದು ಕಟ್ಟೆಯಲ್ಲಿದ್ದ ನಮ್ಮೆಲ್ಲರನ್ನೂ ಕೇಳಿದರು. ಆಮೇಲೆ, "ಅಧ್ಯಕ್ಷರೇ, ನಿಮ್ಮ ಫೋನ್ ಮುಟ್ಟಬಹುದಾ?" ಎಂದು ಕೇಳಿ, ಅವರು ತಲೆಯಾಡಿಸಿದ ಮೇಲೆಯೇ ಮುಟ್ಟಿ, ಸಹಾಯವಾಣಿಗೆ ದೂರು ಕೊಡಿಸಿದರು. ಬೆಟ್ಟಮ್ಮನ ಕೈ ಹಿಡಿದುಕೊಂಡು ಅತ್ತರು, ನಕ್ಕರು. ಬೆಟ್ಟಮ್ಮನಿಗೆ ತಾನು ಮಾಡಿದ್ದೇನು ಎಂಬುದು ಅಷ್ಟಾಗಿ ಅರ್ಥವಾಗಿರಲಿಲ್ಲ. ಮನೆಗೆ ಬರುವವರು ಕೇಳಿ ಬರಬೇಕಲ್ಲವೇ ಎಂದಷ್ಟೇ ಅವಳ ಮಾತು.

ಶನಿವಾರ ತರಗತಿ ನಡೆಯುತ್ತಿರುವಾಗ ಬಾಗಿಲಿಗೆ ಯಾರೋ ಅಡ್ಡ ಬಂದ ಹಾಗಾಯಿತು. ತಮ್ಮಯ್ಯ. ಪಂಚೆ ಕೆಳಗಿಳಿಸಿ, ಹೆಗಲ ಟವಲನ್ನು ಕೈಯಲ್ಲಿ ಹಿಡಿದಿದ್ದರು.

"ಟೀಚರಮ್ಮ, ಒಳೀಕ್ ಬರ್ಬೋದಾ?"

ಆ ಮನುಷ್ಯ ಆ ಶಾಲೆಯಲ್ಲಿ ಯಾವತ್ತೂ ಆಡದ ಮಾತು ಅದು. ಟೀಚರು, "ಬನ್ನಿ, ಬನ್ನಿ" ಎಂದರು. ಹಿಂದಿನ ಬೆಂಚಿನಲ್ಲಿ ಮುಬಶ್ಶಿರ್ ಸರಿದು ಜಾಗ ಮಾಡಿದ. ತಮ್ಮಯ್ಯ ಫೋನು ತೆಗೆದು, ಟ್ರಾಕ್ಟರಿನ ನಂಬರನ್ನು ಬದಲಾಯಿಸಬೇಕು, ಹೇಗೆ ಎಂದು ಕೇಳಿದರು. ಟೀಚರು ಒಂದೊಂದಾಗಿ ಹೇಳಿಕೊಟ್ಟು, "ಈಗ ಹೊಸ ನಂಬರ್ ಹಾಕಿ. ನನಗೆ ತೋರಿಸ್ಬೇಡಿ, ಯಾರಿಗೂ ತೋರಿಸ್ಬೇಡಿ" ಎಂದು ತಾವೇ ಬೋರ್ಡಿನ ಕಡೆ ತಿರುಗಿ ನಿಂತರು. ಮಕ್ಕಳೂ ಕಣ್ಣು ಮುಚ್ಚಿಕೊಂಡರು. ತಮ್ಮಯ್ಯ ಒಂದೊಂದೇ ಅಂಕಿಯನ್ನು ಹುಷಾರಾಗಿ ಒತ್ತಿದರು. ಮುಗಿಸಿ, ದೊಡ್ಡ ಉಸಿರು ಬಿಟ್ಟರು.

"ಆಯ್ತು ಕಣಮ್ಮಾ! ಇನ್ ಯಾವನ್ಗೂ ಸಿಕ್ಕಕಿಲ್ಲ. ನಮ್ ಧನುಶ್ರೀ ಉಟ್ಟಿದ್ ವರ್ಸ ಆಕ್ಬುಟ್ಟೆ!"

"ತಾತಾ!" ಎಂದು ಧನುಶ್ರೀ ಕಿರುಚಿದಳು. ತರಗತಿ ಘೊಳ್ಳೆಂದಿತು. ಟೀಚರು ಬೋರ್ಡಿಗೆ ಹಣೆ ಒತ್ತಿಕೊಂಡು ನಿಂತವರು, ಭುಜ ಕುಲುಕಿಸಿ ನಗತೊಡಗಿದರು. ತಿರುಗಿದಾಗ ಹಣೆಯ ಮೇಲೆ ಸೀಮೆಸುಣ್ಣದ ಗುರುತಿತ್ತು.

ಈ ಗಲಾಟೆಗೆ ರವೀಂದ್ರ ಅವರು ಬಂದು ಇಣುಕಿದರು. ಅಧ್ಯಕ್ಷರನ್ನು ಬೆಂಚಿನ ಮೇಲೆ ನೋಡಿ ಗಾಬರಿಯಾಗಿ, "ಸರ್, ಸೋಮವಾರದ ಮೀಟಿಂಗಲ್ಲಿ ಈ ಕ್ಲಾಸ್ ನಿಲ್ಲಿಸೋ ವಿಷಯ..." ಎಂದರು.

"ನಿಲ್ಸಾದಾ?" ತಮ್ಮಯ್ಯ ಬೆಂಚನ್ನು ಗುದ್ದಿದರು. "ಎಂಗ್ ನಿಲ್ಸೀರಿ? ನಾನಿನ್ನೂ ಪಾಸೇ ಆಗಿಲ್ವಲ್ರೀ!"

ಟೀಚರು ಸೀಮೆಸುಣ್ಣ ಎತ್ತಿಕೊಂಡು, ಅಧ್ಯಕ್ಷರ ಒಪ್ಪಿಗೆ ಕೇಳಿ, ಪಾಠವನ್ನು ಮತ್ತೆ ಮೊದಲಿನಿಂದ ಶುರು ಮಾಡಿದರು.